ಮಧ್ಯಾಹ್ನವೂ ತಣ್ಣಗಿದ್ದ ಏಳು ಬಂಡೆಗಳು

ಕಳೆದ ವರ್ಷ ಆಗಸ್ಟ್ ಕೊನೆಯ ಸೋಮವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಕೊಂಡಪಲ್ಲಿ ಗುಡ್ಡದ ಬುಡದಿಂದ ನಮ್ಮ ಡ್ರೋನ್ ಮೇಲೆದ್ದಿತು. ಮಧ್ಯಾಹ್ನ ಹನ್ನೆರಡು ನಲವತ್ತಕ್ಕೆ ಕೊನೆಯ ಸಲ ಇಳಿಯಿತು. ಎರಡು ವಾರದ ನಂತರ ಸಿದ್ಧವಾದ ನಕ್ಷೆಯಲ್ಲಿ ಪೊನಿಕಿ ಮರ ಒಂದೂ ಇರಲಿಲ್ಲ.

ನಾವು ಹುಡುಕಲು ಹೋಗಿದ್ದು ಆ ಮರವನ್ನೇ. ವಿಜಯವಾಡದ ಪಕ್ಕದ ಕೊಂಡಪಲ್ಲಿಯಲ್ಲಿ ಮರದ ಬೊಂಬೆ ಮಾಡುತ್ತಾರೆ. ಅದಕ್ಕೆ ಬೇಕಾದ ಹಗುರ ಮರ ಪೊನಿಕಿ. ಹಿಂದೆ ಊರ ಬೆನ್ನಿಗಿರುವ ಗುಡ್ಡದಲ್ಲೇ ಸಿಗುತ್ತಿದ್ದದ್ದು ಈಗ ದೂರದಿಂದ ಬರುತ್ತದೆ, ಕೆಲವು ತಿಂಗಳು ಬರುವುದೇ ಇಲ್ಲ. ಸಮೀಕ್ಷೆ ಮಾಡಿಸುತ್ತಿದ್ದವರ ಯೋಜನೆ ಸರಳವಾಗಿತ್ತು. ಬೀಜ ಕೊಡುವ ತಾಯಿಮರ ಉಳಿದಿರುವ ಗುಡ್ಡದಲ್ಲಿ ಬೀಜ ಆರಿಸಿ ಸಸಿ ಬೆಳೆಸುವುದು. ಒಂದೂ ಮರವಿಲ್ಲದ ಗುಡ್ಡವನ್ನು ಪಟ್ಟಿಯಿಂದ ತೆಗೆಯುವುದು. ಕೊಂಡಪಲ್ಲಿ ಗುಡ್ಡದ ಒಂದು ಇಳಿಜಾರು ನಮ್ಮ ಪಾಲಿಗೆ ಬಂದಿತ್ತು. ವರದಿ ಸೆಪ್ಟೆಂಬರ್ ಮೂರನೆಯ ಶುಕ್ರವಾರ ಸಂಜೆ ಐದರೊಳಗೆ ಸೇರಬೇಕಿತ್ತು.

ನಾನು ಕೊಪ್ಪಳ ಜಿಲ್ಲೆಯವನು. ಹನ್ನೊಂದು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ಸುದ್ದಿ ತಿದ್ದಿದವನು. ಹೆಂಡತಿ ಬ್ಯಾಂಕಿನಲ್ಲಿ ಅಧಿಕಾರಿ. ಅವಳಿಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಕೆಲಸ ಬಿಟ್ಟು ಜೊತೆಗೆ ಹೋದೆ. ಅಲ್ಲಿ ಆಕಾಶದಿಂದ ಕಾಡು, ಕೆರೆ, ಹೊಲಗಳನ್ನು ಅಳೆಯುವ ಒಂದು ಪುಟ್ಟ ಕಚೇರಿಯಲ್ಲಿ ದಾಖಲೆ ಬರೆಯುವ ಕೆಲಸ ಸಿಕ್ಕಿತು. ಮೂರು ಕೋಣೆಯ ಕಚೇರಿ. ಕಿಟಕಿ ತೆರೆದರೆ ಸಮುದ್ರ ಕಾಣುತ್ತದೆ, ಕಾಗದ ಹಾರುತ್ತದೆ.

ಕ್ಷೇತ್ರಕ್ಕೆ ಹೋಗುತ್ತಿದ್ದವರು ಮೂವರು. ಡ್ರೋನ್ ಹಾರಿಸುವವರು ಅನಕಾಪಲ್ಲಿಯವರು. ಅವರ ಮನೆಯವರದು ಬೆಲ್ಲದ ವ್ಯಾಪಾರ. ಮೊದಲ ಹಾರಾಟಕ್ಕೆ ಮುಂಚೆ ಎಲ್ಲರ ಅಂಗೈಗೂ ಒಂದೊಂದು ಚೂರು ಬೆಲ್ಲ ಇಡುವುದು ಅವರ ರೂಢಿ. ಬೆಲ್ಲ ತಿನ್ನದೆ ಯಾರೂ ಗುಂಡಿ ಒತ್ತುವಂತಿಲ್ಲ. ಚಿತ್ರಗಳಿಂದ ನಕ್ಷೆ ಮಾಡುವವಳು ಮಂಡ್ಯ ಕಡೆಯ ಹುಡುಗಿ. ಒಂದು ವರ್ಷದ ಕರಾರಿನ ಮೇಲೆ ಬಂದಿದ್ದಳು. ಮೂರನೆಯವನು ನಾನು.

ಡ್ರೋನಿನ ಹೊಟ್ಟೆಯಲ್ಲಿ ಎರಡು ಕ್ಯಾಮೆರಾ. ಒಂದು, ಎಲೆಯಿಂದ ಮರಳಿ ಬರುವ ಬೆಳಕನ್ನು ಇನ್ನೂರಕ್ಕೂ ಹೆಚ್ಚು ಸಣ್ಣ ಪಟ್ಟಿಗಳಾಗಿ ಬಿಡಿಸಿ ನೋಡುತ್ತದೆ. ನಮ್ಮ ಕಣ್ಣಿಗೆ ಎಲ್ಲವೂ ಹಸಿರು. ಅದಕ್ಕೆ ಬೇವಿನ ಹಸಿರು ಬೇರೆ, ತೇಗದ ಹಸಿರು ಬೇರೆ. ಇನ್ನೊಂದು ಬೆಳಕನ್ನು ನೋಡುವುದಿಲ್ಲ, ಶಾಖವನ್ನು ನೋಡುತ್ತದೆ. ಎರಡೂ ಸರಿಯಾಗಿ ಅಳೆಯುತ್ತಿವೆಯೇ ಎಂದು ತಿಳಿಯಲು ನೆಲದ ಮೇಲೆ ಬೂದು ಬಣ್ಣದ ಬಟ್ಟೆ ಹಾಸಿ, ಪಕ್ಕದಲ್ಲಿ ನೀರು ತುಂಬಿದ ಟಬ್ ಇಡುತ್ತೇವೆ. ಟಬ್ಬಿನ ಪಕ್ಕ ಕೂತು ಹತ್ತು ನಿಮಿಷಕ್ಕೊಮ್ಮೆ ನೀರಿನ ಉಷ್ಣತೆ, ಮೋಡ, ಗಾಳಿ ಬರೆಯುವವನು ನಾನು. ಕೊಂಡಪಲ್ಲಿಯಲ್ಲಿ ಗಾಳಿಗೆ ಬೇರೆ ಗುರುತು ಬೇಕಾಗಲಿಲ್ಲ. ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದ ಚಿಮಣಿಗಳು ಅಲ್ಲಿಂದ ನೇರ ಕಾಣುತ್ತವೆ. ಹೊಗೆ ಹೇಗಿದೆಯೋ ಹಾಗೆ ಬರೆಯುತ್ತಿದ್ದೆ.

ಗಾಳಿ ಎದ್ದರೆ ಚಿತ್ರ ಬಳಸಬಾರದು ಎಂಬುದು ನಮ್ಮ ನಿಯಮ. ಎಲೆಗಳು ಅಲುಗಿ ಒಂದು ಪಟ್ಟಿಯ ಚಿತ್ರ ಇನ್ನೊಂದರ ಮೇಲೆ ಕೂರುವುದಿಲ್ಲ. ಆ ಸೋಮವಾರ ಬೆಳಿಗ್ಗೆಯಿಂದ ಐದು ಹಾರಾಟ ಸರಿಯಾಗಿ ನಡೆದವು. ಹನ್ನೊಂದು ಮೂವತ್ತೈದಕ್ಕೆ ಗಾಳಿ ಎದ್ದಿತು. ಕೊನೆಯ ಎರಡು ಹಾರಾಟಗಳನ್ನೂ ಮುಗಿಸಿದೆವು, ಆದರೆ ನನ್ನ ದಾಖಲೆ ಪುಸ್ತಕದಲ್ಲಿ ಅವುಗಳ ಹೆಸರಿಗೆ ‘ಬಿಡಬೇಕು’ ಎಂದು ಬರೆದು ಅಡಿಗೆರೆ ಎಳೆದೆ.

ನಕ್ಷೆ ಬಂದಾಗ ಕಚೇರಿಯಲ್ಲಿ ಹೆಚ್ಚು ಮಾತಾಗಲಿಲ್ಲ. ‘ಪೊನಿಕಿ: ಇಲ್ಲ’ ಎಂದು ವರದಿಯ ಕರಡು ಸಿದ್ಧವಾಯಿತು. ನಾನು ಒಂದೇ ಒಂದು ಆಕ್ಷೇಪ ಎತ್ತಿದೆ. ಡೆಸ್ಕಿನಲ್ಲಿ ಯಾರ ವಿರುದ್ಧ ಸುದ್ದಿ ಬರೆದರೂ ಅಚ್ಚಿಗೆ ಹೋಗುವ ಮೊದಲು ಅವರನ್ನು ಒಂದು ಮಾತು ಕೇಳಲೇಬೇಕು. ಈ ವರದಿ ಒಂದು ಗುಡ್ಡದ ವಿರುದ್ಧ ಇತ್ತು. ಗುಡ್ಡದ ಪರವಾಗಿ ಮಾತಾಡಲು ಒಬ್ಬರು ಇದ್ದರು. ಗುಡ್ಡದಲ್ಲಿ ಇನ್ನೂ ಮರವಿದೆ, ನೋಡಿ ಎಂದು ಮೊದಲು ಅರ್ಜಿ ಕೊಟ್ಟಿದ್ದ ಬೊಂಬೆ ಮಾಡುವ ಹೆಂಗಸು. ಶುಕ್ರವಾರಕ್ಕೆ ಮೂರು ದಿನ ಇರುವಾಗ, ಮಂಗಳವಾರ ಬೆಳಿಗ್ಗೆ ಮೂವರೂ ಅವರ ಮನೆಗೆ ಹೋದೆವು.

ಅವರಿಗೆ ಅರವತ್ತು ದಾಟಿದೆ. ಡ್ರೋನಿನವರು ಪೆದ್ದಮ್ಮ, ಅಂದರೆ ದೊಡ್ಡಮ್ಮ, ಎಂದು ಕರೆದರು. ನಾವೂ ಹಾಗೇ ಕರೆದೆವು. ಮನೆಯ ಮುಂಭಾಗವೇ ಕಾರ್ಖಾನೆ. ಒಂದು ಮೂಲೆಯಲ್ಲಿ ಸಣ್ಣ ಉರಿಯ ಮೇಲೆ ಮರದ ತುಂಡುಗಳು ಒಣಗುತ್ತಿದ್ದವು. ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು ಕಲಸಿದ ಮುದ್ದೆ ಒಂದು ತಟ್ಟೆಯಲ್ಲಿತ್ತು. ಸೊಂಡಿಲಿಲ್ಲದ ಎಂಟು ಆನೆಗಳು ಗೋಡೆಗೆ ಮುಖ ಮಾಡಿ ನಿಂತಿದ್ದವು. ಅವರು ಒಂಬತ್ತನೆಯ ಆನೆಗೆ ಸುಣ್ಣ ಬಳಿಯುತ್ತಿದ್ದರು. ಮಾತೆಲ್ಲ ತೆಲುಗಿನಲ್ಲೇ ನಡೆಯಿತು; ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಮೊದಲು ಅವರು ನನ್ನ ಕೈಗೆ ಒಂದು ಮರದ ತುಂಡು ಕೊಟ್ಟರು. ತೂಕವೇ ಇರಲಿಲ್ಲ. ನನ್ನ ಅಜ್ಜಿಯ ತವರು ಕಿನ್ನಾಳದ ಪಕ್ಕ. ಅಲ್ಲಿಯ ಬೊಂಬೆಯವರ ಅಂಗಳದಲ್ಲಿ ಇಂಥದೇ ತುಂಡುಗಳನ್ನು ಎಸೆದಾಡಿದ್ದೆ.

“ನಮ್ಮ ಕಡೆ ಇದಕ್ಕೆ ಪೊಲ್ಕಿ ಅಂತಾರೆ,” ಎಂದೆ.

“ನಿಮ್ಮ ಕಡೆಯೂ ಬೊಂಬೆ ಮಾಡ್ತಾರಾ ಬಾಬು?”

“ಮಾಡ್ತಾರೆ.”

“ಚೆನ್ನಾಗಿ ಮಾಡ್ತಾರಾ?”

“ಬಹಳ ಚೆನ್ನಾಗಿ.”

“ಇರಲಿ,” ಎಂದು ಅವರು ತುಂಡು ವಾಪಸು ತಗೊಂಡರು. “ಬಂದ ವಿಷಯ ಹೇಳು.”

ಕರಡನ್ನು ಓದಿ ಹೇಳಿದೆ. ಅವರು ಕುಂಚ ನಿಲ್ಲಿಸಲಿಲ್ಲ.

“ಒಂದೂ ಕಾಣಲಿಲ್ಲವಾ?”

“ಇಲ್ಲ ಪೆದ್ದಮ್ಮ.”

“ಯಾರಿಗೆ ಕಾಣಲಿಲ್ಲ?”

“ಕ್ಯಾಮೆರಾಕ್ಕೆ,” ಎಂದಳು ನಕ್ಷೆಯ ಹುಡುಗಿ. “ಅದು ಇನ್ನೂರಕ್ಕಿಂತ ಜಾಸ್ತಿ ಬಣ್ಣ ನೋಡುತ್ತೆ.”

“ನನಗಿರೋದು ಎರಡು ಕಣ್ಣು ಅಮ್ಮಾಯಿ. ಅದರಲ್ಲಿ ಒಂದಕ್ಕೆ ಪೊರೆ ತೆಗೆಸಿದ್ದೇನೆ. ಆದರೂ ಹೋದ ಶ್ರಾವಣದಲ್ಲಿ ಈ ಹೊಸ್ತಿಲಲ್ಲಿ ಕೂತು ನಾಲ್ಕು ಮರ ಎಣಿಸಿದೆ.” ಆಮೇಲೆ ನನ್ನ ಕಡೆ ತಿರುಗಿ ಕೇಳಿದರು: “ನೀವು ನೋಡಿದಾಗ ಹೊಗೆ ಹೇಗಿತ್ತು?”

ಇಂಥ ಪ್ರಶ್ನೆಯನ್ನು ನಮಗೆ ಯಾರೂ ಕೇಳಿರಲಿಲ್ಲ. ಉತ್ತರ ಮಾತ್ರ ಪುಸ್ತಕದಲ್ಲಿತ್ತು. ತೆರೆದು ಓದಿದೆ: “ಒಂಬತ್ತು ಹತ್ತು, ಹೊಗೆ ನೆಟ್ಟಗೆ. ಒಂಬತ್ತೂವರೆ, ನೆಟ್ಟಗೆ. ಹತ್ತು, ನೆಟ್ಟಗೆ. ಹನ್ನೊಂದು, ನೆಟ್ಟಗೆ.”

“ಹೊಗೆ ನೆಟ್ಟಗಿದ್ದರೆ ಪೊನಿಕಿ ಯಾಕೆ ಕಾಣುತ್ತೆ?” ಎಂದರು ಪೆದ್ದಮ್ಮ. “ನಮ್ಮ ಮಾವನವರು ಹೊಗೆ ಊರ ಕಡೆ ಬಾಗೋವರೆಗೂ ಕೊಡಲಿ ಮುಟ್ಟುತ್ತಿರಲಿಲ್ಲ. ಗಾಳಿ ಬಂದಾಗ ಗುಡ್ಡ ನೋಡಬೇಕು. ಬೇರೆ ಮರ ಬರೀ ಅಲ್ಲಾಡುತ್ತೆ. ಪೊನಿಕಿ ಬೆಳ್ಳಗಾಗುತ್ತೆ.”

ಅವರು ಎಡಗೈ ಎತ್ತಿ ತೋರಿಸಿದರು. ಹಿಂಗೈ ಕಪ್ಪು. ತಿರುಗಿಸಿದರು. ಅಂಗೈ ತುಂಬ ಸುಣ್ಣ.

“ಎಲೆ ಹೀಗಿರುತ್ತೆ. ಮೇಲೆ ಹಸಿರು, ಹೊಟ್ಟೆ ಬಿಳಿ.”

ಹುಡುಗಿ ಫೋನ್ ತೆಗೆದಳು. ಕ್ಯಾಮೆರಾಕ್ಕೆ ಮರದ ಗುರುತು ಕಲಿಸಲು ಅವಳು ವಿಶಾಖಪಟ್ಟಣದ ಒಂದು ತೋಟದಲ್ಲಿ ನೆರಳಲ್ಲಿ ಬೆಳೆದ ಪೊನಿಕಿ ಗಿಡದ ಎಲೆಗಳನ್ನು ಅಳೆದಿದ್ದಳು. ಆ ಹಸಿರು ಗುಡ್ಡದ ಬಿಸಿಲಲ್ಲಿ ಬೆಳೆದ ಎಲೆಯ ಹಸಿರಿಗೆ ಹೊಂದಿರಲಿಲ್ಲ ಎಂಬುದು ಆಮೇಲೆ ಗೊತ್ತಾಯಿತು. ಅಂದಿನ ಫೋಟೊಗಳಲ್ಲಿ ಒಂದು ಎಲೆ ಮಗುಚಿ ಬಿದ್ದಿತ್ತು. ಬಿಳಿಯಾಗಿತ್ತು. ಅವಳು ನನ್ನತ್ತ ನೋಡಿ ಕನ್ನಡದಲ್ಲಿ ಹೇಳಿದಳು:

“ಸಾರ್, ನಾನು ಮೇಲ್ಗಡೆ ಮಾತ್ರ ಅಳ್ದೆ. ಎಲೆ ಅಂದ್ರೆ ಮೇಲ್ಗಡೆನೇ ಅನ್ಕಂಡ್ಬುಟ್ಟೆ.”

ನಾನು ಪುಸ್ತಕದ ಮುಂದಿನ ಸಾಲು ಓದಿದೆ: “ಹನ್ನೊಂದು ಮೂವತ್ತೈದು. ಹೊಗೆ ಊರ ಕಡೆ ಬಾಗಿದೆ. ಗಾಳಿ ಹೆಚ್ಚು. ಆರನೇ ಮತ್ತು ಏಳನೇ ಹಾರಾಟ ಬಿಡಬೇಕು.”

ಡ್ರೋನಿನವರು ಆನೆಯೊಂದನ್ನು ಕೈಗೆತ್ತಿಕೊಂಡು ಆ ಆನೆಗೇ ಹೇಳಿದರು: “ನೋಡಿದೆಯಾ? ಮರ ಮುಖ ತೋರಿಸಿದ ಹೊತ್ತಿಗೆ ಸರಿಯಾಗಿ ಇವರು ಬಿಡಬೇಕು ಅಂತ ಬರೆದಿದ್ದಾರೆ. ಅಡಿಗೆರೆ ಬೇರೆ.”

“ಬಣ್ಣ ಹಸಿಯಿದೆ, ಕೆಳಗಿಡೋ ಅಬ್ಬಾಯಿ,” ಎಂದರು ಪೆದ್ದಮ್ಮ.

ಮತ್ತೆ ಹಾರಿಸಲು ಅನುಮತಿ ಬೇಕು. ಸ್ಥಾವರ ಹತ್ತಿರವಿರುವುದರಿಂದ ಅದಕ್ಕೆ ವಾರಗಳು ಹಿಡಿಯುತ್ತವೆ. ಉಳಿದಿದ್ದು ಒಂದೇ ದಾರಿ, ಬಿಟ್ಟುಬಿಟ್ಟ ಎರಡು ಹಾರಾಟಗಳ ಚಿತ್ರ ತೆಗೆದು ನೋಡುವುದು. ಮಧ್ಯಾಹ್ನದ ರೈಲು ಹಿಡಿದೆವು. ವಿಜಯವಾಡದಿಂದ ವಿಶಾಖಪಟ್ಟಣಕ್ಕೆ ಆರು ಗಂಟೆಯ ದಾರಿ. ಏಲೂರು ದಾಟುವವರೆಗೆ ಹುಡುಗಿ ಫೋನಿನಲ್ಲಿ ಆ ಮಗುಚಿದ ಎಲೆಯನ್ನೇ ನೋಡುತ್ತಿದ್ದಳು.

“ಯಾಕವಾ ತಂಗಿ, ಮಾರಿ ಸಣ್ಣದ ಮಾಡೀದಿ?” ಎಂದು ಕೇಳಿದೆ.

“ಎಂಗ್ ಹೇಳ್ಲಿ ಸಾರ್. ಮೊನ್ನೆ ಶನಿವಾರ ಕಂಪ್ಯೂಟರಲ್ಲಿ ಜಾಗ ಇರ್ನಿಲ್ಲ. ನೀವು ಬಿಡಬೇಕು ಅಂತ ಬರ್ದಿದ್ರಲ್ಲ, ಆ ಎರಡನ್ನೂ ಅಳಿಸ್ಬುಟ್ಟೆ.”

ಡ್ರೋನಿನವರಿಗೆ ಕನ್ನಡ ಅಷ್ಟಕ್ಕಷ್ಟೇ. ‘ಅಳಿಸು’ ಮಾತ್ರ ಅರ್ಥವಾಗಿರಬೇಕು. ಅವರು ಬೆಲ್ಲದ ಪೊಟ್ಟಣ ತೆಗೆದು ಮೂವರಿಗೂ ಒಂದೊಂದು ಚೂರು ಕೊಟ್ಟರು. ಹಾರಾಟವಿಲ್ಲದ ದಿನ ಅವರು ಬೆಲ್ಲ ಹಂಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಪತ್ರಿಕೆಯ ಡೆಸ್ಕಿನಲ್ಲಿ ಇನ್ನೊಂದು ರೂಢಿ ಇತ್ತು. ಕೈಬಿಟ್ಟ ಸುದ್ದಿಯನ್ನು ಹರಿದು ಹಾಕುವುದಿಲ್ಲ, ಡ್ರಾಯರಿನಲ್ಲಿ ಆರು ತಿಂಗಳು ಇಡುತ್ತೇವೆ. ಇಂದು ಬೇಡವಾದದ್ದನ್ನು ನಾಳೆ ಯಾರೋ ಕೇಳುತ್ತಾರೆ. ವಿಶಾಖಪಟ್ಟಣದಲ್ಲೂ ನಾನು ಅದನ್ನೇ ಮಾಡುತ್ತಿದ್ದೆ. ಬಿಟ್ಟ ಹಾರಾಟಗಳನ್ನು ಒಂದು ಹಳೆಯ ಡಿಸ್ಕಿಗೆ ಹಾಕಿ ನನ್ನ ಡ್ರಾಯರಿನಲ್ಲಿ ಇಟ್ಟು ಬೀಗ ಹಾಕುತ್ತಿದ್ದೆ.

“ಒಂದು ಪ್ರತಿ ನನ್ನ ಹತ್ರ ಐತಿ,” ಎಂದೆ.

“ಎರಡೂ ಕ್ಯಾಮೆರಾದ್ದಾ ಸಾರ್?”

ಅದು ನೆನಪಾಗಲಿಲ್ಲ. ಬೆಳಕಿನ ಚಿತ್ರ ಹಾಕಿದ್ದು ಗೊತ್ತಿತ್ತು. ಶಾಖದ ಚಿತ್ರ ಹಾಕಿದ್ದೆನೋ ಇಲ್ಲವೋ. ಹತ್ತು ನಿಮಿಷಕ್ಕೊಮ್ಮೆ ನೀರಿನ ಉಷ್ಣತೆ ಬರೆದಿಟ್ಟವನು ಡಿಸ್ಕಿಗೆ ಏನು ಹಾಕಿದೆ ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. ಹಾಗೆಂದೆ.

“ಬಿಡಿ ಸಾರ್,” ಎಂದಳು ಅವಳು. ಅವಳ ಮುಖ ತುಸು ಗೆಲುವಾಯಿತು. “ನಾನೊಬ್ಳೇ ಅಲ್ವಲ್ಲ.”

ಅನಕಾಪಲ್ಲಿಯಲ್ಲಿ ರೈಲು ನಿಂತಾಗ ಬೆಲ್ಲದ ವಾಸನೆ ಬಂತು. ಡ್ರೋನಿನವರು ಇಳಿದು ಮನೆಗೆ ಹೋದರು. ನಾವಿಬ್ಬರೂ ಮುಂದಕ್ಕೆ ಹೋದೆವು.

ಬುಧವಾರ ಬೆಳಿಗ್ಗೆ ಏಳಕ್ಕೆ ಡ್ರಾಯರು ತೆರೆದೆ. ಡಿಸ್ಕಿನಲ್ಲಿ ಎರಡೂ ಕ್ಯಾಮೆರಾಗಳ ಚಿತ್ರಗಳಿದ್ದವು.

ಬೆಳಕಿನ ಚಿತ್ರ ನಿರೀಕ್ಷಿಸಿದಷ್ಟೇ ಕೆಟ್ಟಿತ್ತು. ಮರಗಳಿಗೆ ಎರಡೆರಡು ಅಂಚು. ಹುಡುಗಿ ಕೂತು ಒಂದೊಂದೇ ಪಟ್ಟಿಯನ್ನು ಸರಿಸಿ ಕೂರಿಸಿದಳು. ಹತ್ತೂವರೆಯ ಹೊತ್ತಿಗೆ ಇಳಿಜಾರು ಸ್ಪಷ್ಟವಾಯಿತು. ಹಸಿರಿನ ನಡುವೆ ಅಲ್ಲಲ್ಲಿ ಬಿಳಿ ಮಚ್ಚೆಗಳು. ಕಂಪ್ಯೂಟರು ಅಂಥ ನಲವತ್ತಕ್ಕೂ ಹೆಚ್ಚು ಮಚ್ಚೆಗಳಿಗೆ ‘ಬಂಡೆ’ ಎಂದು ಹೆಸರಿಟ್ಟಿತ್ತು. ಗುಡ್ಡದಲ್ಲಿ ನಿಜವಾದ ಬಂಡೆಗಳೂ ಸಾಕಷ್ಟಿವೆ.

“ಇದ್ರಲ್ಲಿ ಮರ ಯಾವ್ದು, ಬಂಡೆ ಯಾವ್ದು, ಎಂಗ್ ಹೇಳಾದು ಸಾರ್?”

“ಬಿಸಿ ನೋಡು,” ಎಂದೆ. ಅದು ನನ್ನ ಜಾಣತನವಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಆ ಗುಡ್ಡದ ಬುಡದಲ್ಲಿ ಒಂದು ಕಲ್ಲಿನ ಮೇಲೆ ಕೂರಲು ಹೋಗಿ ಥಟ್ಟನೆ ಎದ್ದಿದ್ದೆ. ಅದೂ ಪುಸ್ತಕದಲ್ಲಿತ್ತು: ‘ಕಲ್ಲು ಕೂರುವಂತಿಲ್ಲ.’

ಶಾಖದ ಚಿತ್ರವನ್ನು ಅವಳು ಮೇಲೆ ಹೊದಿಸಿದಳು. ಬಂಡೆಗಳು ಒಂದಾದ ಮೇಲೊಂದು ಕೆಂಪಾದವು. ನೀರು ಹೀರಿ ಉಸಿರಾಡುವ ಎಲೆ ಬಿಸಿಲಲ್ಲೂ ತಂಪಾಗಿರುತ್ತದೆ. ಕಲ್ಲಿಗೆ ಆ ಉಪಾಯ ಇಲ್ಲ. ಕೊನೆಗೆ ಏಳು ಮಚ್ಚೆಗಳು ಮಾತ್ರ ನೀಲಿಯಾಗಿ ಉಳಿದವು. ಬಣ್ಣದಲ್ಲಿ ಬಂಡೆ, ಮಧ್ಯಾಹ್ನವೂ ತಣ್ಣಗೆ.

ಅವಳು ಏಳನ್ನೂ ಎರಡು ಸಲ ಎಣಿಸಿದಳು. ಆಮೇಲೆ ಎದ್ದು ಕಿಟಕಿ ತೆರೆದಳು. ಕರಡಿನ ಹಾಳೆಗಳು ಕೋಣೆಯ ತುಂಬ ಹಾರಿದವು. ಇಬ್ಬರೂ ನೆಲದ ಮೇಲೆ ಕೂತು ನಗುತ್ತಾ ಆರಿಸಿಕೊಂಡೆವು. ಪುಟ ನಾಲ್ಕು ಸಿಗಲೇ ಇಲ್ಲ. ‘ಪೊನಿಕಿ: ಇಲ್ಲ’ ಇದ್ದದ್ದು ಪುಟ ಎರಡರಲ್ಲಿ, ಅದು ಸಿಕ್ಕಿತು.

ಮಧ್ಯಾಹ್ನ ಮತ್ತೆ ರೈಲು. ಅನಕಾಪಲ್ಲಿಯಲ್ಲಿ ಡ್ರೋನಿನವರು ಹತ್ತಿದರು. ಗುರುವಾರ ಬೆಳಿಗ್ಗೆ ಏಳಕ್ಕೆ, ಅರಣ್ಯ ಕಾವಲಿನವರ ಒಪ್ಪಿಗೆ ಪಡೆದು, ಗುಡ್ಡದ ಬುಡದಲ್ಲಿದ್ದೆವು. ಪೆದ್ದಮ್ಮ ಆಗಲೇ ಬಂದು ಬೇವಿನ ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊಣಕಾಲಿನ ನೋವಿನಿಂದ ಅವರು ಹತ್ತುವಂತಿರಲಿಲ್ಲ. ಮಡಿಲಲ್ಲಿ ಪುಳಿಹೋರದ, ನಮ್ಮ ಪುಳಿಯೋಗರೆಯಂಥದರ, ಡಬ್ಬಿ, ಕೈಯಲ್ಲಿ ಫೋನು.

“ಮರದ ಹತ್ತಿರ ಹೋಗಿ ನನಗೆ ಫೋನ್ ಮಾಡಿ. ಫೋನನ್ನ ಕಾಂಡಕ್ಕೆ ಹಿಡಿದು ಮೂರು ಸಲ ತಟ್ಟಿ. ನಾನು ಹೇಳ್ತೇನೆ,” ಎಂದರು.

“ಪೆದ್ದಮ್ಮ, ನಮ್ಮ ಹತ್ತಿರ ಯಂತ್ರ ಇದೆ,” ಎಂದರು ಡ್ರೋನಿನವರು.

“ಅದು ಕಲ್ಲು ಅಂತ ಹೇಳಿದ ಯಂತ್ರ ತಾನೆ?”

ಮೊದಲ ಮಚ್ಚೆಯ ಜಾಗ ತಲುಪಲು ಐವತ್ತು ನಿಮಿಷ ಬೇಕಾಯಿತು. ಮುಳ್ಳಿನ ಪೊದೆಗಳ ಹಿಂದೆ, ಎರಡು ಬಂಡೆಗಳ ಸಂದಿನಲ್ಲಿ ನುಣುಪಾದ ಬೂದು ತೊಗಟೆಯ ಮರವೊಂದು ನಿಂತಿತ್ತು. ಎಲೆ ನನ್ನ ಅಂಗೈಗಿಂತ ದೊಡ್ಡದು. ಹುಡುಗಿ ಕೆಳಗಿನ ಟೊಂಗೆಯ ಒಂದು ಎಲೆಯನ್ನು ಮೆಲ್ಲಗೆ ಮಗುಚಿದಳು. ಬಿಳಿ. ಅವಳು ಪೆದ್ದಮ್ಮನಿಗೆ ಫೋನ್ ಹಚ್ಚಿ, ಅದನ್ನು ಕಾಂಡಕ್ಕೆ ಹಿಡಿದು ಮೂರು ಸಲ ತಟ್ಟಿದಳು.

ಪೆದ್ದಮ್ಮ ಅತ್ತ ಕಡೆಯಿಂದ ಕೇಳಿಸಿಕೊಂಡರು.

“ಇನ್ನೊಂದು ಸಲ ತಟ್ಟು ಅಮ್ಮಾಯಿ.”

ತಟ್ಟಿದಳು.

“ನನ್ನ ಮರ,” ಎಂದರು ಪೆದ್ದಮ್ಮ. “ಮುಂದಿನದಕ್ಕೆ ಹೋಗಿ.”

ಎರಡನೆಯದು, ಮೂರನೆಯದು, ನಾಲ್ಕನೆಯದು ಹತ್ತೂವರೆಯೊಳಗೆ ಸಿಕ್ಕವು. ಐದನೆಯದರ ಬುಡದಲ್ಲಿ ನಾವು ಕೂತು ನೀರು ಕುಡಿಯುತ್ತಿದ್ದಾಗ ಗಾಳಿ ಎದ್ದಿತು. ನಾನು ಅಭ್ಯಾಸಬಲದಿಂದ ಚಿಮಣಿಯ ಕಡೆ ನೋಡಿದೆ. ಹೊಗೆ ಊರ ಕಡೆ ಬಾಗಿತ್ತು. ತಲೆಯ ಮೇಲೆ ಇಡೀ ಮರ ಒಮ್ಮೆಲೇ ಬೆಳ್ಳಗಾಯಿತು, ಮತ್ತೆ ಹಸಿರಾಯಿತು. ಕೆಳಗಿನ ಇಳಿಜಾರಿನಲ್ಲಿ ಇನ್ನೊಂದು ಬೆಳ್ಳಗಾಯಿತು. ಅದು ಆರನೆಯದು. ಡ್ರೋನಿನವರು ಟೋಪಿ ತೆಗೆದು ಅದರತ್ತ ಬೀಸಿದರು. ಕೆಳಗೆ ಬೇವಿನ ಮರದಡಿಯಿಂದ ಪೆದ್ದಮ್ಮ ಸೆರಗು ಬೀಸುತ್ತಿದ್ದುದು ಸಣ್ಣದಾಗಿ ಕಂಡಿತು. ಅವರಿಗೂ ಮರಗಳು ಕಂಡಿರಬೇಕು.

ಏಳನೆಯ ಮಚ್ಚೆ ಒಂದು ಬಯಲಿನಲ್ಲಿತ್ತು. ಹತ್ತಿರ ಹೋದಾಗ ಮೂವರೂ ನಿಂತೆವು. ಕಾಡುಪ್ರಾಣಿಗಳಿಗೆ ನೀರಿಡುವ ಸಿಮೆಂಟಿನ ತೊಟ್ಟಿ. ಒಳಗೂ ಹೊರಗೂ ಸುಣ್ಣ, ಅಂಚಿನವರೆಗೆ ನೀರು. ಬಣ್ಣದಲ್ಲಿ ಬಿಳಿ, ಮಧ್ಯಾಹ್ನವೂ ತಣ್ಣಗೆ. ಎರಡು ಕ್ಯಾಮೆರಾಗಳ ಲೆಕ್ಕಕ್ಕೂ ಸರಿಯಾಗಿಯೇ ಹೊಂದುತ್ತಿತ್ತು.

ಡ್ರೋನಿನವರು ನಮಗೆ ಸುಮ್ಮನಿರಲು ಸನ್ನೆ ಮಾಡಿ ಫೋನ್ ಹಚ್ಚಿದರು. ತೊಟ್ಟಿಗೆ ಹಿಡಿದು ಮೂರು ಸಲ ತಟ್ಟಿದರು.

“ಪೆದ್ದಮ್ಮ, ಇದು ಎಲ್ಲಕ್ಕಿಂತ ದೊಡ್ಡ ಮರ.”

“ನೀರು ಕುಡಿದು ಇಳಿದು ಬಾ,” ಎಂದರು ಪೆದ್ದಮ್ಮ. “ಪುಳಿಹೋರ ಆರ್ತಾ ಇದೆ.”

ಆ ಡಬ್ಬಿಯಲ್ಲಿ ನಾಲ್ವರಿಗೆ ಸಾಕಾಗುವಷ್ಟಿತ್ತು. ತಿನ್ನುತ್ತಾ ಅವರು ಒಂದೊಂದು ಮರದ ಬಗ್ಗೆಯೂ ಕೇಳಿದರು. ಎಷ್ಟು ದಪ್ಪ, ಯಾವ ಕಡೆ ವಾಲಿದೆ, ಕಾಯಿ ಇದೆಯೇ. ಮೂರರಲ್ಲಿ ಕಾಯಿ ಕಂಡಿತ್ತು. ಅಷ್ಟು ಕೇಳಿ ಡಬ್ಬಿಯಲ್ಲಿ ಉಳಿದದ್ದನ್ನೆಲ್ಲ ಹುಡುಗಿಯ ಊಟದ ಎಲೆಗೆ ಸುರಿದರು.

“ಸಾಕು ಪೆದ್ದಮ್ಮ.”

“ತಿನ್ನು. ಎಲೆಯ ಎರಡು ಕಡೆಯನ್ನೂ ನೋಡೋಕೆ ಕಲಿತಿದ್ದೀಯ.”

ಅವಳು ಇದನ್ನು ಇವತ್ತಿಗೂ ಹೇಳಿಕೊಂಡು ನಗುತ್ತಾಳೆ. ಕರಾರು ಮುಗಿದರೂ ಊರಿಗೆ ಹೋಗಿಲ್ಲ. ಇನ್ನೊಂದು ವರ್ಷಕ್ಕೆ ಸಹಿ ಮಾಡಿದ್ದಾಳೆ.

ಶುಕ್ರವಾರ ಸಂಜೆ ನಾಲ್ಕು ಇಪ್ಪತ್ತಕ್ಕೆ ವಿಜಯವಾಡದ ಒಂದು ಲಾಡ್ಜಿನ ಕೋಣೆಯಿಂದ ವರದಿ ಕಳುಹಿಸಿದೆವು. ಪೊನಿಕಿ: ಆರು, ಎಲ್ಲವನ್ನೂ ಸ್ಥಳದಲ್ಲಿ ನೋಡಿ ಖಚಿತಪಡಿಸಲಾಗಿದೆ. ನೀರಿನ ತೊಟ್ಟಿ: ಒಂದು. ತೊಟ್ಟಿಯನ್ನು ಬರೆಯುವ ಅಗತ್ಯವಿಲ್ಲ ಎಂದು ಹುಡುಗಿ ವಾದಿಸಿದಳು. ಕಂಡದ್ದನ್ನು ಬಿಡುವುದು ಬೇಡ ಎಂದು ನಾನು ಬರೆದೆ. ಗಾಳಿಯಲ್ಲಿ ತೆಗೆದ ಚಿತ್ರಗಳನ್ನು ಬಳಸಿದ ಕಾರಣಕ್ಕೆ ಎರಡು ಪ್ರಶ್ನೆಗಳು ಬಂದವು. ಉತ್ತರಕ್ಕೆ ಪುಸ್ತಕದ ಆ ಪುಟದ ಪ್ರತಿ ಲಗತ್ತಿಸಿದೆ, ಅಡಿಗೆರೆ ಸಮೇತ. ಅಕ್ಟೋಬರಿನಲ್ಲಿ ಪಟ್ಟಿ ಪ್ರಕಟವಾದಾಗ ಕೊಂಡಪಲ್ಲಿ ಗುಡ್ಡ ಅದರಲ್ಲಿತ್ತು.

ಕಾಯಿ ಬಲಿತು ಉದುರಿದ ಮೇಲೆ ಸಮೀಕ್ಷೆ ಮಾಡಿಸಿದವರು ಬೀಜ ಆರಿಸಿದರು. ಹೆಚ್ಚಿನವು ಸಸಿಗಳ ತೋಟಕ್ಕೆ ಹೋದವು. ಅರ್ಜಿ ಕೊಟ್ಟವರೆಂದು ಪೆದ್ದಮ್ಮನಿಗೂ ಒಂದು ಹಿಡಿ ಕೊಟ್ಟರು. ಸಿಪ್ಪೆ ಗಟ್ಟಿ, ಸುಲಭಕ್ಕೆ ಮೊಳೆಯುವುದಿಲ್ಲ ಎಂದು ತೋಟದವರು ಮೊದಲೇ ಹೇಳಿದ್ದರು. ಪೆದ್ದಮ್ಮ ಅವನ್ನು ಹನ್ನೆರಡು ಖಾಲಿ ಬಣ್ಣದ ಡಬ್ಬಿಗಳಲ್ಲಿ ಬಿತ್ತಿ ಹೊಸ್ತಿಲ ಪಕ್ಕ, ಗುಡ್ಡ ಕಾಣುವಂತೆ, ಸಾಲಾಗಿ ಇಟ್ಟರು. ಮೂರು ತಿಂಗಳು ಏನೂ ಆಗಲಿಲ್ಲ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಫೋನ್ ಮಾಡಿ ಕೇಳುತ್ತಿದ್ದೆ.

“ಬಂತಾ ಪೆದ್ದಮ್ಮ?”

“ನಿನ್ನ ಹಾಗೆ ಅದೂ ನಿಧಾನ ಬಾಬು. ಎಲ್ಲ ಬರೆದುಕೊಂಡು ಆಮೇಲೆ ಬರುತ್ತೆ.”

ಕಳೆದ ಭಾನುವಾರ ಬೆಳಿಗ್ಗೆ ಏಳು ಐದಕ್ಕೆ ಅವರೇ ಫೋಟೊ ಕಳುಹಿಸಿದರು. ಹನ್ನೆರಡು ಡಬ್ಬಿಗಳಲ್ಲಿ ಐದರಲ್ಲಿ ಮೊಳಕೆ ಇದೆ. ಮೂರನೆಯ ಡಬ್ಬಿಯ ಮೊಳಕೆಗೆ ಎರಡು ಎಲೆ.